ಸಂಗೀತ ಪಾಠಕ್ಕೊಂದು ರೆಕಾರ್ಡರ್



ಮಾದಿಹಳ್ಳಿ, ಹಳೇಬೀಡು, ಬೇಲೂರು, ಜಾವಗಲ್ಲು ಈ ಸುತ್ತಿನಲ್ಲಿ ಸಂಗೀತ ಕಲಿಯುವ ಮಕ್ಕಳಿಗೆ ಒಂದು ಕಷ್ಟ ಸಾಮಾನ್ಯ. ಗುರುಗಳು ಪಕ್ಕದ ಬೀದಿಯಲ್ಲಿ ಸಿಗುವುದಿಲ್ಲ. ವಾರಕ್ಕೊಮ್ಮೆ ಬಸ್ಸು ಹತ್ತಿ ಹಾಸನಕ್ಕೋ ಅರಸೀಕೆರೆಗೋ ಹೋಗಬೇಕು, ಇಲ್ಲವೇ ಗುರುಗಳೇ ಒಂದು ಸಂಜೆ ಬಿಡುವು ಮಾಡಿಕೊಂಡು ಇಲ್ಲಿಗೆ ಬರಬೇಕು. ಪಾಠ ನಡೆಯುವುದು ಒಂದು ಗಂಟೆ. ಮುಂದಿನ ಪಾಠಕ್ಕೆ ಏಳು ದಿನ ಕಾಯಬೇಕು. ಅಷ್ಟರಲ್ಲಿ ಕಿವಿಯಲ್ಲಿ ಉಳಿದದ್ದು ಮೊದಲು ಮಸುಕಾಗುತ್ತದೆ, ಆಮೇಲೆ ಮೆಲ್ಲಗೆ ರೂಪ ಬದಲಿಸುತ್ತದೆ. ಕೊನೆಗೆ ಮಗು ತಾನು ಹಾಡುತ್ತಿರುವುದೇ ಗುರುಗಳು ಹೇಳಿಕೊಟ್ಟದ್ದು ಎಂದು ಗಟ್ಟಿಯಾಗಿ ನಂಬಿಬಿಡುತ್ತದೆ. ಮುಂದಿನ ವಾರದ ಅರ್ಧ ಗಂಟೆ ಹಳೆಯದನ್ನು ತಿದ್ದುವುದಕ್ಕೇ ಖರ್ಚಾಗುತ್ತದೆ.

ಈ ತೊಂದರೆಗೆ ಇವತ್ತು ಅಂಗೈಯಗಲದ ಒಂದು ಸಾಧನ ಸಿಗುತ್ತದೆ. ಅದನ್ನು ಎಲ್ಲರೂ ರೆಕಾರ್ಡರ್ ಎಂದೇ ಕರೆಯುತ್ತಾರೆ. ಕೊಳ್ಳಲು ಆಗದವರ ಕೈಯಲ್ಲಿ ಮೊಬೈಲ್ ಅಂತೂ ಇದ್ದೇ ಇದೆ. ಪಾಠ ಹೇಳುವವನಾಗಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಗುರುಗಳು ಹಾಡಿದ ಕೀರ್ತನೆಯನ್ನು ಹಿಡಿದಿಟ್ಟುಕೊಳ್ಳುವವರು ಬಹಳ ಜನ ಇದ್ದಾರೆ. ಪಾಠವನ್ನು ಪಾಠವಾಗಿಯೇ ಹಿಡಿದಿಟ್ಟುಕೊಳ್ಳುವವರು ಕಡಿಮೆ. ಗುರುಗಳು ಎಲ್ಲಿ ತಡೆದರು, ಏನು ತಿದ್ದಿದರು, ಎಷ್ಟು ಸಲ ಅದೇ ಸಂಗತಿಯನ್ನು ಹೇಳಿಸಿದರು, ಶಿಷ್ಯ ಎಲ್ಲಿ ಮುಗ್ಗರಿಸಿದ, ಇವೆಲ್ಲ ಅದರಲ್ಲಿರಬೇಕು. ಕಲಿಯುವವನಿಗೆ ನಿಜವಾಗಿ ಉಪಯೋಗಕ್ಕೆ ಬರುವ ಭಾಗ ಅದೇ.

ನಮ್ಮ ಜಿಲ್ಲೆಗೆ ಸಂಗೀತದ ದೊಡ್ಡ ಹೆಸರುಗಳಿವೆ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಕಾವೇರಿ ದಡದ ಚಿಕ್ಕ ಊರು. ಅಲ್ಲಿ ಮನೆಮನೆಯಲ್ಲೂ ಸಂಗೀತವಿತ್ತು. ಆರ್.ಕೆ. ಶ್ರೀಕಂಠನ್ ಹುಟ್ಟಿದ್ದು ಅಲ್ಲಿ, 1920ರಲ್ಲಿ. ಅದೇ 1920ರಲ್ಲಿ ಇತ್ತ ಗದ್ದವಳ್ಳಿಯಲ್ಲಿ ವೈಣಿಕ ದೊರೆಸ್ವಾಮಿ ಅಯ್ಯಂಗಾರ್ ಹುಟ್ಟಿದರು. ಹಾಸನದಿಂದ ಬೇಲೂರಿಗೆ ಬರುವವರಿಗೆ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ ಗೊತ್ತಿರುತ್ತದೆ, ಆ ಕಡೆಯವರು. ಇಬ್ಬರೂ ಮೈಸೂರಿನಲ್ಲಿ ಬೆಳೆದರು, ಇಬ್ಬರೂ ಆಕಾಶವಾಣಿಯಲ್ಲಿ ದುಡಿದರು. ಮೈಸೂರಿನ ಆಕಾಶವಾಣಿ ಎಂದರೆ 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಶುರುಮಾಡಿದ್ದು. ಆ ಹೊತ್ತಿನ ಪ್ರಸಾರ ಬಹುಪಾಲು ನೇರ. ಹಾಡಿದ್ದು ಗಾಳಿಯಲ್ಲಿ ಹೋಯಿತು, ಕೇಳಿದವರು ಪುಣ್ಯವಂತರು. ಧ್ವನಿಮುದ್ರಣ ರೂಢಿಗೆ ಬಂದ ಮೇಲೆ ಇಬ್ಬರ ಕಛೇರಿಗಳೂ ಉಳಿದುಕೊಂಡವು, ಇವತ್ತಿಗೂ ನಾವು ಕೇಳುತ್ತೇವೆ.

ಆದರೆ ದೊರೆಸ್ವಾಮಿ ಅಯ್ಯಂಗಾರ್ಯರಿಗೆ ಅವರ ಗುರು ವೀಣೆ ವೆಂಕಟಗಿರಿಯಪ್ಪನವರು ಹೇಗೆ ಪಾಠ ಹೇಳಿದರು? ಬಾಲಕನ ಬೆರಳು ಮೆಟ್ಟಿಲ ಮೇಲೆ ಎಲ್ಲಿ ಜಾರಿತು, ಗುರು ಏನು ಹೇಳಿ ಸರಿಪಡಿಸಿದರು? ಕಛೇರಿಯ ಮುದ್ರಿಕೆಯಲ್ಲಿ ಇದು ಸಿಗುವುದಿಲ್ಲ. ಕಛೇರಿಯಲ್ಲಿ ಕೇಳುವುದು ಮುಗಿದ ಕೆಲಸ. ಬೇಲೂರಿನ ಗುಡಿಯಲ್ಲಿ ಮದ್ದಳೆ ಬಾರಿಸುವ ಹೆಣ್ಣಿನ ಮುಂದೆ ನಿಂತಾಗ ನನಗೆ ಇದೇ ನೆನಪಾಗುತ್ತದೆ. ಬೆರಳಿನ ಬಾಗು, ಕತ್ತಿನ ಓರೆ, ಪಟ್ಟಿಯ ಹೆಣಿಗೆ ಎಲ್ಲವನ್ನೂ ಶಿಲ್ಪಿ ಹಿಡಿದಿದ್ದಾನೆ. ಆ ಕೈ ಯಾವ ಜತಿ ನುಡಿಸುತ್ತಿತ್ತೆಂದು ಹೇಳುವವರು ಯಾರೂ ಇಲ್ಲ. ಹೊಯ್ಸಳ ರಾಣಿ ಶಾಂತಲೆ ಗೀತ, ವಾದ್ಯ, ನೃತ್ಯ ಮೂರರಲ್ಲೂ ನಿಪುಣೆ ಎಂದು ಶಾಸನಗಳು ಹೊಗಳುತ್ತವೆ. ಅವಳಿಗೆ ಹೇಳಿಕೊಟ್ಟವರ ಒಂದು ಮಾತೂ ನಮಗೆ ಉಳಿದಿಲ್ಲ.

ಹಿಂದೆ ಗುರುಕುಲವಾಸದಲ್ಲಿ ಪಾಠ ಕೇಳುವುದಕ್ಕೆ ಕೊರತೆ ಇರಲಿಲ್ಲ. ಮೈಸೂರು ವಾಸುದೇವಾಚಾರ್ಯರು ಪಟ್ನಂ ಸುಬ್ರಹ್ಮಣ್ಯ ಅಯ್ಯರ್ ಅವರ ಬಳಿ ಕಲಿಯಲು ತಿರುವೈಯಾರಿಗೆ ಹೋಗಿ ವರ್ಷಗಟ್ಟಲೆ ಗುರುವಿನ ಮನೆಯಲ್ಲೇ ಇದ್ದರು. ಪಾಠಕ್ಕೆ ಕೂತಾಗ ಕೇಳಿದ್ದು ಒಂದಾದರೆ ಗುರುಗಳು ತಮ್ಮಷ್ಟಕ್ಕೆ ಗುನುಗಿದ್ದು, ಬೇರೆ ಶಿಷ್ಯರಿಗೆ ಹೇಳಿದ್ದು ಹತ್ತು. ವೇದಪಾಠದಲ್ಲೂ ಹಾಗೆಯೇ, ಗುರು ಒಮ್ಮೆ ಹೇಳಿದ್ದನ್ನು ಶಿಷ್ಯ ಎರಡು ಸಲ ಹೇಳುವ ಸಂತೆ. ಕಿವಿಗೆ ಬೀಳುವುದು ಎಷ್ಟು, ಬಾಯಿಂದ ಬರುವುದು ಎಷ್ಟು ಎಂಬ ಲೆಕ್ಕ ಆ ಪದ್ಧತಿಯೊಳಗೇ ಇತ್ತು. ಶಾಲೆ, ಟ್ಯೂಷನ್, ಹೊಲ, ಹಾಲಿನ ಡೈರಿ ಇವುಗಳ ನಡುವೆ ವಾರಕ್ಕೊಂದು ಗಂಟೆ ಸಿಗುವ ಮಗುವಿಗೆ ಆ ಅವಕಾಶವಿಲ್ಲ. ಅದರ ಒಂದು ಪಾಲನ್ನಾದರೂ ರೆಕಾರ್ಡರ್ ವಾಪಸು ಕೊಡಬಲ್ಲದು ಎಂಬುದೇ ನನ್ನ ಆಸೆ.

ಯಂತ್ರದಿಂದ ಕಲಿತರೆ ಸಂಗೀತ ಕೆಡುತ್ತದೆ ಎನ್ನುವ ಹಿರಿಯರಿದ್ದಾರೆ. ಅವರ ಆತಂಕ ಸುಳ್ಳಲ್ಲ. ನಮ್ಮ ನಾಡಿನ ಎರಡು ನಿದರ್ಶನ ನೋಡಿ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಎಂಬ ಹುಡುಗ ದೊಡ್ಡ ದೊಡ್ಡ ಉಸ್ತಾದರ ಗ್ರಾಮಫೋನ್ ತಟ್ಟೆಗಳನ್ನು ಕೇಳಿ ಹಾಗೆಹಾಗೆಯೇ ಹಾಡಿ ತೋರಿಸುತ್ತಿದ್ದ. ಜನ ಬೆರಗಾಗಿ ಕುಮಾರ ಗಂಧರ್ವ ಎಂದರು. ಆದರೂ ಅವನನ್ನು ಮುಂಬಯಿಗೆ ಕರೆದೊಯ್ದು ಬಿ.ಆರ್. ದೇವಧರರ ಬಳಿ ಬಿಡಬೇಕಾಯಿತು. ತಟ್ಟೆ ಹಾಡನ್ನು ಕೊಟ್ಟಿತ್ತು, ಆ ಹಾಡು ಯಾಕೆ ಹಾಗೆ ಸಾಗುತ್ತದೆಂದು ತಿಳಿಸಲು ಮನುಷ್ಯರೇ ಬೇಕಾಯಿತು. ಇನ್ನೊಬ್ಬರು ಭೀಮಸೇನ ಜೋಶಿ. ಅಬ್ದುಲ್ ಕರೀಂ ಖಾನರ ಒಂದು ಠುಮ್ರಿಯ ತಟ್ಟೆ ಕೇಳಿ ಆ ಹುಡುಗನಿಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಉತ್ತರ ಭಾರತದ ಕಡೆಗೆ ರೈಲು ಹತ್ತಿದರು. ಊರೂರು ಅಲೆದು ಬಂದ ಮೇಲೆ ಅವರಿಗೆ ಗುರು ಸಿಕ್ಕಿದ್ದು ಧಾರವಾಡದ ಹತ್ತಿರದ ಕುಂದಗೋಳದಲ್ಲಿ. ಸವಾಯಿ ಗಂಧರ್ವರು ಅದೇ ಕರೀಂ ಖಾನರ ಶಿಷ್ಯರು. ಮೂರು ಮೂರೂವರೆ ನಿಮಿಷದ ಮುದ್ರಿಕೆ ಒಬ್ಬ ಹುಡುಗನನ್ನು ಗುರುವಿನ ಬಾಗಿಲಿಗೆ ತಂದು ನಿಲ್ಲಿಸಿತು. ಯಂತ್ರದಿಂದ ಇದಕ್ಕಿಂತ ದೊಡ್ಡ ಉಪಕಾರ ನಾನು ಬಯಸುವುದಿಲ್ಲ.

ಮನೆಮಂದಿಯ ಕೈಗೆ ರೆಕಾರ್ಡಿಂಗ್ ಬಂದದ್ದು ಕ್ಯಾಸೆಟ್ಟಿನಿಂದ. ಫಿಲಿಪ್ಸ್ ಕಂಪನಿ ಅದನ್ನು 1963ರಲ್ಲಿ ಬರ್ಲಿನ್ನಿನಲ್ಲಿ ಹೊರತಂದಿತು. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಕಲಿತವರ ಮನೆಯ ಅಟ್ಟದಲ್ಲಿ ಇವತ್ತಿಗೂ ಒಂದು ರಟ್ಟಿನ ಡಬ್ಬದ ತುಂಬ ಪಾಠದ ಕ್ಯಾಸೆಟ್ಟುಗಳಿರುತ್ತವೆ. ಅರವತ್ತು ನಿಮಿಷದ್ದಾದರೆ ಒಂದು ಬದಿಗೆ ಮೂವತ್ತು ನಿಮಿಷ. ಅನುಪಲ್ಲವಿಯ ಒಳ್ಳೆಯ ಸಂಗತಿ ಬರುವ ಹೊತ್ತಿಗೆ ಸರಿಯಾಗಿ ಗುಂಡಿ ಟಕ್ಕೆಂದು ಎದ್ದುಬಿಡುತ್ತಿತ್ತು. ಇನ್ನೂ ದೊಡ್ಡ ತೊಂದರೆ ಬ್ಯಾಟರಿಯದು. ಬ್ಯಾಟರಿ ಸೋತಾಗ ಟೇಪು ನಿಧಾನವಾಗಿ ಓಡುತ್ತದೆ. ಹಾಗೆ ಮುದ್ರಿಸಿದ್ದನ್ನು ಮನೆಯಲ್ಲಿ ಹೊಸ ಬ್ಯಾಟರಿ ಹಾಕಿ ಕೇಳಿದರೆ ಶ್ರುತಿ ಮೇಲಕ್ಕೇರಿರುತ್ತದೆ. ಗುರುಗಳು ಒಂದೂವರೆ ಮನೆಯಲ್ಲಿ ಹೇಳಿಕೊಟ್ಟದ್ದು ಎರಡರ ಹತ್ತಿರ ಕೇಳಿಸುತ್ತದೆ. ಸೂಕ್ಷ್ಮ ಕಿವಿಯ ಮಕ್ಕಳು ಇದರಿಂದ ಬಹಳ ಕಷ್ಟಪಟ್ಟರು. ಟೇಪಿನ ವೇಗಕ್ಕೂ ಸ್ವರದ ಎತ್ತರಕ್ಕೂ ಅಷ್ಟು ಗಟ್ಟಿಯಾದ ನಂಟು. ಎರಡು ವೇಗದ ಸ್ಪೂಲ್ ಯಂತ್ರ ಇದ್ದವರು ವೇಗವನ್ನು ಸರಿಯಾಗಿ ಅರ್ಧಕ್ಕೆ ಇಳಿಸಿದರೆ ಹಾಡು ಒಂದು ಪೂರ್ತಿ ಸ್ಥಾಯಿ ಕೆಳಗಿಳಿದು, ದ್ರುತಕಾಲದ ಸಂಗತಿಗಳು ಬಿಡಿಬಿಡಿಯಾಗಿ ಕೇಳುತ್ತಿದ್ದವು. ಈಗಿನ ಮೊಬೈಲಿನಲ್ಲಿ ಶ್ರುತಿ ಕದಲದಂತೆ ವೇಗ ಮಾತ್ರ ತಗ್ಗಿಸಬಹುದು. ಕಲಿಯುವವರಿಗೆ ಇದು ನಿಜಕ್ಕೂ ವರ.

ಅಟ್ಟದ ಮೇಲೆ ಆ ಡಬ್ಬ ಇರುವವರಿಗೆ ಒಂದು ಮಾತು. ಬೇಲೂರಿನ ಕಡೆಯ ಮಳೆಗಾಲದ ಥಂಡಿಗೆ ಟೇಪಿನ ಮೇಲೆ ಬೂಷ್ಟು ಹಿಡಿಯುತ್ತದೆ. ಬಿಳಿ ಪುಡಿ ಕಂಡರೆ ಯಂತ್ರಕ್ಕೆ ಹಾಕಬೇಡಿ, ಅದು ಮುಂದಿನ ಕ್ಯಾಸೆಟ್ಟಿಗೂ ಅಂಟುತ್ತದೆ. ಗೊತ್ತಿದ್ದವರ ಹತ್ತಿರ ಮೊದಲು ಶುಚಿ ಮಾಡಿಸಿ ಆಮೇಲೆ ಕಂಪ್ಯೂಟರಿಗೆ ಇಳಿಸಿ. ಮುಂದಿನ ವರ್ಷ ನೋಡೋಣ ಅನ್ನುವುದು ಬೇಡ.

ಈಗ ಪಾಠದ ಕೋಣೆಗೆ ಬರೋಣ. ಹೊಸ ರೆಕಾರ್ಡರ್ ತಂದವರು ಮೊದಲು ಮಾಡುವುದು ಅದನ್ನು ಶ್ರುತಿಪೆಟ್ಟಿಗೆಯ ಪಕ್ಕದಲ್ಲಿ ನೆಲದ ಮೇಲೆ ಇಡುವುದು. ಮನೆಗೆ ಹೋಗಿ ಕೇಳಿದರೆ ಶ್ರುತಿ ಭೋರ್ಗರೆಯುತ್ತದೆ, ಗುರುಗಳ ಸ್ವರ ಎಲ್ಲೋ ಹಿತ್ತಿಲಿನಿಂದ ಬಂದಂತೆ ಕೇಳುತ್ತದೆ, ತಾಳ ಹಾಕಿದ ಪೆಟ್ಟು ನೆಲದಿಂದ ದಡ್ ದಡ್ ಎಂದು ಏರಿಬರುತ್ತದೆ. ಒಂದು ಸ್ಟೂಲಿನ ಮೇಲೆ ದಪ್ಪ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಹಾಸಿ ಯಂತ್ರವನ್ನು ಅದರ ಮೇಲಿಡಿ. ಗುರುಗಳ ಎದೆಯ ಎತ್ತರಕ್ಕೆ, ಎರಡಡಿ ದೂರದಲ್ಲಿ ಇರಲಿ. ಶಿಷ್ಯನ ಕಡೆಗೂ ಸ್ವಲ್ಪ ಓರೆಯಾಗಿರಲಿ, ಅವನ ದನಿಯೂ ಬೀಳಬೇಕು. ಶ್ರುತಿಪೆಟ್ಟಿಗೆ ಅದರ ಬೆನ್ನ ಹಿಂದಕ್ಕೆ ಹೋಗಲಿ. ಶ್ರುತಿ ಸಣ್ಣಗೆ ಕೇಳಿಸುತ್ತಲೇ ಇರಬೇಕು, ಅದಿಲ್ಲದ ಮುದ್ರಿಕೆಯನ್ನು ಇಟ್ಟುಕೊಂಡು ಅಭ್ಯಾಸ ಮಾಡಲಾಗದು. ಫ್ಯಾನು ಆ ಒಂದು ಗಂಟೆ ನಿಂತರೆ ಒಳ್ಳೆಯದು.

ಯಂತ್ರದಲ್ಲಿ ಧ್ವನಿಮಟ್ಟವನ್ನು ತಾನೇ ಏರಿಸಿ ಇಳಿಸುವ ಒಂದು ಏರ್ಪಾಡು ಇರುತ್ತದೆ, ಆಟೋ ಎಂದು ಬರೆದಿರುತ್ತಾರೆ. ಸಭೆಯ ಭಾಷಣಕ್ಕೆ ಅದು ಸರಿ. ಸಂಗೀತಕ್ಕೆ ಅದರಿಂದ ಹಾನಿ. ಗುರುಗಳು ಒಂದು ಕ್ಷಣ ಸುಮ್ಮನಾದರೆ ಯಂತ್ರ ಏನೋ ಕಮ್ಮಿಯಾಯಿತೆಂದು ಶ್ರುತಿಯನ್ನು ಎತ್ತಿಹಿಡಿಯುತ್ತದೆ. ಅವರು ಮತ್ತೆ ಬಾಯಿ ತೆರೆದ ಕೂಡಲೇ ಅದುಮುತ್ತದೆ. ಮೆಲ್ಲಗೆ ಹಿಡಿದ ಸ್ವರ, ತುಂಬಿ ಹಾಡಿದ ಸ್ವರ ಎರಡೂ ಒಂದೇ ಗಾತ್ರವಾಗಿಬಿಡುತ್ತವೆ. ಗಮಕದ ಏರಿಳಿತಕ್ಕೆ ಅರ್ಥವೇ ಇರುವುದಿಲ್ಲ. ಆದ್ದರಿಂದ ಆಟೋ ತೆಗೆದುಹಾಕಿ, ಪಾಠಕ್ಕೆ ಮೊದಲು ಗುರುಗಳಿಗೆ ತಾರಸ್ಥಾಯಿ ಷಡ್ಜ ಹಿಡಿಯಲು ಹೇಳಿ, ಆ ಗಟ್ಟಿ ದನಿಗೂ ಸೂಚಕದ ಗೆರೆ ಮೈನಸ್ 12 ಡೆಸಿಬೆಲ್ ಹತ್ತಿರ ನಿಲ್ಲುವ ಹಾಗೆ ಮಟ್ಟವನ್ನು ಇಟ್ಟುಕೊಳ್ಳಿ. ಆಮೇಲೆ ಗಂಟೆಯುದ್ದಕ್ಕೂ ಅದರ ತಂಟೆಗೆ ಹೋಗಬೇಡಿ.

ಜಾಗ ಉಳಿಸಲು ಫೈಲನ್ನು ತುಂಬ ಕಿರಿದು ಮಾಡುವ ಅಭ್ಯಾಸವೂ ಬೇಡ. ಮಾತಿಗಾಗಿ ಮಾಡಿದ ಸಣ್ಣ ಅಳತೆಯಲ್ಲಿ ತಂಬೂರಿಯ ಝೇಂಕಾರದ ಮೇಲಿನ ಪದರಗಳೇ ಹೋಗಿಬಿಡುತ್ತವೆ. ಸಿ.ಡಿ. ಗುಣಮಟ್ಟದ ಸ್ಟೀರಿಯೋ ಫೈಲು ಗಂಟೆಗೆ ಸುಮಾರು 635 ಎಂ.ಬಿ. ಹಿಡಿಯುತ್ತದೆ, 32 ಜಿ.ಬಿ. ಕಾರ್ಡಿನಲ್ಲಿ ಸುಮಾರು 50 ಗಂಟೆ ತುಂಬುತ್ತದೆ. ಪಾಠಕ್ಕೆ ಮೋನೋ ಸಾಕು ಎನ್ನುವುದಾದರೆ ಅದರ ಎರಡರಷ್ಟು. ವಾರಕ್ಕೊಂದು ಗಂಟೆಯ ಲೆಕ್ಕದಲ್ಲಿ ಸ್ಟೀರಿಯೋದಲ್ಲೇ ಹೆಚ್ಚುಕಡಿಮೆ ಒಂದು ವರ್ಷದ ಪಾಠ ಉಗುರಗಲದ ಚೂರಿನಲ್ಲಿ ಕೂರುತ್ತದೆ. ಶುರುವಿನಲ್ಲೇ ಬಾಯಿಬಿಟ್ಟು ತಾರೀಖು, ಗುರುಗಳ ಹೆಸರು, ರಾಗ, ತಾಳ ಹೇಳಿಬಿಡಿ. ಫೈಲಿನ ಹೆಸರು ಬದಲಾದರೂ ದನಿಯಲ್ಲಿ ಹೇಳಿದ್ದು ಅಳಿಯುವುದಿಲ್ಲ.

ಇದರಿಂದ ಆಗುವ ಲಾಭ ಏನೆಂದು ಒಂದು ಉದಾಹರಣೆಯಿಂದಲೇ ಹೇಳುತ್ತೇನೆ. ನನ್ನಲ್ಲಿ ತೋಡಿ ಕಲಿಯುತ್ತಿದ್ದ ಹುಡುಗಿಯೊಬ್ಬಳು ಗಾಂಧಾರವನ್ನು ನೇರವಾಗಿ ನಿಲ್ಲಿಸಿಬಿಡುತ್ತಿದ್ದಳು. ತೋಡಿಯ ಗಾಂಧಾರ ನಿಲ್ಲುವ ಸ್ವರವಲ್ಲ. ರಿಷಭದ ಕಡೆಯಿಂದ ಎದ್ದು ಮಧ್ಯಮದತ್ತ ತೂಗುತ್ತ ಇರಬೇಕು. ಪುಸ್ತಕದಲ್ಲಿ ಬರೆದಿರುವುದು ಬರೀ ಗ. ಹಾಡಿ ತೋರಿಸಿದೆ, ಅವಳು ಹಾಡಿದಳು, ಮತ್ತೆ ನೇರ. ತಾನು ತೂಗುತ್ತಿದ್ದೇನೆ ಎಂದೇ ಅವಳ ಎಣಿಕೆ. ಅದಕ್ಕೆ ಕಾರಣವಿದೆ. ಹಾಡುವಾಗ ನಮ್ಮ ದನಿ ನಮಗೆ ಗಾಳಿಯಿಂದ ಅಷ್ಟೇ ಅಲ್ಲ, ತಲೆಬುರುಡೆಯ ಮೂಳೆಯ ಮೂಲಕವೂ ಒಳಕಿವಿಗೆ ಮುಟ್ಟುತ್ತದೆ. ಆ ಗುಂಗಿನಲ್ಲಿ ಮಾಡಬೇಕೆಂದುಕೊಂಡದ್ದಕ್ಕೂ ಮಾಡಿದ್ದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ರೆಕಾರ್ಡರಿನಿಂದ ಅವಳ ಗಾಂಧಾರ, ಅದರ ಹಿಂದೆಯೇ ನನ್ನ ಗಾಂಧಾರ, ಎರಡನ್ನೂ ಅಕ್ಕಪಕ್ಕ ಕೇಳಿಸಿದೆ. ಎರಡನೆಯ ಸಲಕ್ಕೆ ಅವಳ ಹುಬ್ಬು ಮೇಲಕ್ಕೆ ಹೋಯಿತು. ಯಾರೂ ಏನೂ ಹೇಳಬೇಕಾಗಲಿಲ್ಲ, ಕತ್ತನ್ನು ಅಲುಗಿಸುತ್ತ ತಾನೇ ಸ್ವರವನ್ನು ಹುಡುಕತೊಡಗಿದಳು. ಶಿಷ್ಯರ ದನಿಯೂ ಮುದ್ರಿಕೆಯಲ್ಲಿರಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ.

ಮನೆಯಲ್ಲಿ ಕೇಳುವುದಕ್ಕೂ ಒಂದು ಕ್ರಮ ಬೇಕು. ಅಡುಗೆಮನೆಯಲ್ಲಿ, ಬಸ್ಸಿನಲ್ಲಿ, ಕಿವಿಗೆ ಸಿಕ್ಕಿಸಿಕೊಂಡು ಗಂಟೆಗಟ್ಟಲೆ ಓಡಿಸಿದರೆ ಹಾಡು ಪರಿಚಯವಾಗುತ್ತದೆ, ಪಾಠ ಆಗುವುದಿಲ್ಲ. ಪಾಠವಾದ ದಿನ ರಾತ್ರಿಯೇ ಒಮ್ಮೆ ಪೂರ್ತಿ ಕೇಳಿ. ಗುರುಗಳು ತಡೆದ ಜಾಗಗಳನ್ನು ನಿಮಿಷ ಸಹಿತ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಮರುದಿನದಿಂದ ಒಂದೊಂದೇ ಸಾಲು. ಗುರುಗಳು ಒಮ್ಮೆ ಹಾಡಿದೊಡನೆ ಯಂತ್ರ ನಿಲ್ಲಿಸಿ ನೀವು ಎರಡು ಸಲ ಹಾಡಿ, ಸಂತೆ ಹೇಳುವ ಹಾಗೆ. ಯಂತ್ರದ ಜೊತೆಜೊತೆಗೆ ಹಾಡಬೇಡಿ. ಆಗ ಗುರುಗಳ ದನಿ ನಿಮ್ಮನ್ನು ಎತ್ತಿಕೊಂಡು ಹೋಗುತ್ತದೆ, ನಡೆದದ್ದು ನೀವೇ ಎಂಬ ಭ್ರಮೆ ಉಳಿಯುತ್ತದೆ. ವಾರದ ಕೊನೆಯ ಎರಡು ದಿನ ಯಂತ್ರವನ್ನು ಮುಟ್ಟಲೇಬಾರದು. ಬರೀ ಶ್ರುತಿ, ಬರೀ ನೆನಪು.

ಪಾಠದ ಹೊತ್ತಿನಲ್ಲಿ ಮನಸ್ಸನ್ನು ಯಂತ್ರಕ್ಕೆ ಒಪ್ಪಿಸಿ ಕೂರುವವರನ್ನೂ ನೋಡಿದ್ದೇನೆ. ಹೇಗೂ ರೆಕಾರ್ಡ್ ಆಗುತ್ತಿದೆಯಲ್ಲ ಎಂಬ ನೆಮ್ಮದಿ. ಅಂಥವರಿಗೆ ನಾನು ಆ ವಾರ ರೆಕಾರ್ಡರ್ ಬೇಡ ಎನ್ನುತ್ತೇನೆ. ಎದುರಿಗೆ ಕೂತ ಗುರುವಿನ ಬಾಯಿ, ಕೈ, ಉಸಿರು ತೆಗೆದುಕೊಳ್ಳುವ ಜಾಗ ಇವು ಯಾವ ಫೈಲಿನಲ್ಲೂ ಬರುವುದಿಲ್ಲ.

ಇನ್ನು ಅನುಮತಿಯ ವಿಷಯ. ಜೇಬಿನಲ್ಲಿ ಮೊಬೈಲ್ ಇಟ್ಟು ಗುಟ್ಟಾಗಿ ಮುದ್ರಿಸುವುದು ಕೆಟ್ಟ ಕೆಲಸ. ಪಾಠದಲ್ಲಿ ಗುರು ಗದರುತ್ತಾರೆ, ದನಿ ಒಡೆದಿದ್ದರೂ ಹಾಡುತ್ತಾರೆ, ಮನೆಯ ಕಷ್ಟಸುಖವನ್ನೂ ಹೇಳಿಕೊಳ್ಳುತ್ತಾರೆ. ಅದೆಲ್ಲ ಆ ಕೋಣೆಗೆ ಸೇರಿದ್ದು. ಕೇಳಿಯೇ ಮುದ್ರಿಸಿ, ಬೇಡವೆಂದರೆ ಬಿಡಿ. ಒಪ್ಪಿಕೊಟ್ಟದ್ದನ್ನು ವಾಟ್ಸಾಪಿನಲ್ಲಿ ಹಂಚಬೇಡಿ. ಒಪ್ಪಿಗೆ ನಿಮ್ಮ ಅಭ್ಯಾಸಕ್ಕೆ ಸಿಕ್ಕಿದ್ದು.

ಇಲ್ಲಿಯವರೆಗೆ ಕೀರ್ತನೆ ಎಂದೆ. ಆದರೆ ಮಾದಿಹಳ್ಳಿಯ ಸುತ್ತಮುತ್ತ ಅತಿ ಹೆಚ್ಚು ಜನಕ್ಕೆ ಸಂಗೀತ ಪಾಠ ಆಗುವುದು ನಾಟಕದ ತಾಲೀಮಿನಲ್ಲಿ. ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಇರುವುದೂ ಅದರ ಬಗ್ಗೆಯೇ. ಊರಹಬ್ಬಕ್ಕೆ ಕುರುಕ್ಷೇತ್ರ ಆಡಬೇಕೆಂದು ನಿಶ್ಚಯವಾದರೆ ಡ್ರಾಮಾ ಮೇಷ್ಟ್ರು ಹಾರ್ಮೋನಿಯಂ ಹಿಡಿದು ಬರುತ್ತಾರೆ. ರಾತ್ರಿ ಊಟವಾದ ಮೇಲೆ ಶಾಲೆಯ ಜಗಲಿಯಲ್ಲೋ ದೇವಸ್ಥಾನದ ಅಂಗಳದಲ್ಲೋ ತಿಂಗಳುಗಟ್ಟಲೆ ಪಾಠ. ಹಗಲೆಲ್ಲ ಆಲೂಗಡ್ಡೆ ಹೊಲದಲ್ಲಿ ದುಡಿದವನು ರಾತ್ರಿ ದುರ್ಯೋಧನನ ಕಂದಪದ್ಯ ಹಿಡಿಯುತ್ತಾನೆ. ಸರಿಗಮ ಓದದವನು ಮೋಹನ, ಹಿಂದೋಳ, ಕಾಪಿಗಳನ್ನು ಬಾಯಿಂದ ಬಾಯಿಗೆ ಕಲಿಯುತ್ತಾನೆ. ಗುಬ್ಬಿ ವೀರಣ್ಣನವರಂಥವರ ಕಂಪನಿ ನಾಟಕಗಳ ಮಟ್ಟುಗಳು ಹೀಗೆಯೇ ಮೇಷ್ಟ್ರಿಂದ ಮೇಷ್ಟ್ರಿಗೆ ಇಳಿದು ಹಳ್ಳಿಯವರೆಗೆ ಬಂದಿವೆ.

ಇಂಥ ಒಂದು ತಾಲೀಮಿನಲ್ಲಿ ಭೀಮನ ಪಾರ್ಟಿನವರಿಗೆ ಅವರದೇ ಹಾಡನ್ನು ಮೊಬೈಲಿನಿಂದ ಕೇಳಿಸಿದರು. ಅವರು ಬೆಚ್ಚಿ, "ಮೇಷ್ಟ್ರೇ, ನಾನು ಹಿಂಗಾ ಹಾಡಿರೋದು?" ಎಂದರು. "ನೀನೇ ಕಣಪ್ಪಾ. ಇನ್ನೊಂದ್ಸಲ ಕೇಳು, ಎಲ್ಲಿ ಶ್ರುತಿ ಬಿಟ್ಟೆ ನೋಡು," ಎಂದರು ಮೇಷ್ಟ್ರು. ಮೂರನೆಯ ಸಲಕ್ಕೆ ಭೀಮನೇ ಕೈ ಎತ್ತಿ ಆ ಜಾಗ ತೋರಿಸಿದರು. ಅವತ್ತಿನಿಂದ ಅವರ ಮೊಬೈಲು ಪಂಪ್‌ಸೆಟ್ ಮನೆಯ ಗೂಟಕ್ಕೆ ನೇತುಬಿದ್ದು ಹಾಡುತ್ತಿತ್ತು, ನೀರು ಕಟ್ಟುತ್ತ ಅವರು ಹಿಂದೆ ಹಾಡುತ್ತಿದ್ದರು.

ಆದರೆ ನಾಟಕ ಮುಗಿದ ವಾರಕ್ಕೆ ಆ ಫೈಲುಗಳು ಅಳಿದುಹೋಗುತ್ತವೆ. ಮೊಬೈಲು ತುಂಬಿತು, ಮಗಳ ಮದುವೆಯ ಫೋಟೋ ಹಿಡಿಸಬೇಕು. ನಾಟಕದ ರಾತ್ರಿಯ ವಿಡಿಯೋ ಮಾತ್ರ ಉಳಿಯುತ್ತದೆ. ಅದರಲ್ಲಿ ಧ್ವನಿವರ್ಧಕದ ಗದ್ದಲ, ಶಿಳ್ಳೆ, ಮಾಲೆ ಹಾಕುವ ಸಂಭ್ರಮದ ನಡುವೆ ಮಟ್ಟು ಕೇಳಿಸುವುದೇ ಇಲ್ಲ. ಇನ್ನು ತಿಪಟೂರಿನ ಕಡೆಗೆ ಹೋದರೆ ಮೂಡಲಪಾಯ ಯಕ್ಷಗಾನದ ಭಾಗವತರಿದ್ದಾರೆ, ಅವರ ಪದಗಳ ಧಾಟಿಯೂ ಇದೇ ದಾರಿಯಲ್ಲಿದೆ. ಕಲಿಯಲು ಬರುವ ಹುಡುಗರು ಕಡಿಮೆಯಾಗುತ್ತಿದ್ದಾರೆ, ಹೇಳಿಕೊಡುವವರಿಗೆ ವಯಸ್ಸಾಗುತ್ತಿದೆ.

ಆದ್ದರಿಂದ ಈ ಸಲ ತಾಲೀಮು ಶುರುವಾಗುವ ಊರುಗಳ ಹುಡುಗರಲ್ಲಿ ನನ್ನದೊಂದು ಕೇಳಿಕೆ. ಮೇಷ್ಟ್ರನ್ನು ಕೇಳಿ ಒಪ್ಪಿಸಿ. ಮೊದಲ ರಾತ್ರಿ ಅವರು ಯಾರಿಂದ ಕಲಿತರು, ಆ ಗುರು ಯಾವ ಕಂಪನಿಯಲ್ಲಿದ್ದರು ಎಂಬುದನ್ನು ಅವರ ಬಾಯಿಂದಲೇ ಹೇಳಿಸಿ. ಆಮೇಲೆ ಗಣಪತಿ ಸ್ತುತಿಯಿಂದ ಮಂಗಳದವರೆಗೆ ಅಷ್ಟೂ ಹಾಡುಗಳನ್ನು ಅನುಕ್ರಮವಾಗಿ ಮೇಷ್ಟ್ರೊಬ್ಬರೇ ಹಾಡಲಿ, ರಾಗಕ್ಕೆ ಅವರು ಯಾವ ಹೆಸರು ಬಳಸುತ್ತಾರೋ ಅದೇ ಹೆಸರಿನಲ್ಲಿ. ಅದಾದ ಮೇಲೆ ದಿನದಿನದ ಪಾಠವನ್ನು ತಪ್ಪು, ಬೈಗುಳ, ನಗು ಸಮೇತ ಮುದ್ರಿಸಿ. ಹಾರ್ಮೋನಿಯಂ ಮೇಲೆ ಮೊಬೈಲ್ ಇಡಬೇಡಿ, ತಿದಿಯ ಸದ್ದು ನುಗ್ಗುತ್ತದೆ. ಮೂರಡಿ ದೂರ, ಎತ್ತರದಲ್ಲಿ ಇಡಿ. ಒಂದು ಪ್ರತಿ ಮೇಷ್ಟ್ರ ಮನೆಗೆ, ಒಂದು ಪ್ರತಿ ಪಂಚಾಯಿತಿ ಗ್ರಂಥಾಲಯಕ್ಕೆ, ಒಂದು ಊರಿನ ಶಾಲೆಯ ಕಂಪ್ಯೂಟರಿಗೆ. ಮೇಷ್ಟ್ರು ಬೇಡವೆಂದ ಭಾಗ ಯಾವುದಾದರೂ ಇದ್ದರೆ ಅವರ ಎದುರಿಗೇ ಅಳಿಸಿ, ಉಳಿದದ್ದನ್ನು ಪ್ರತಿ ಮಾಡಿ.